ಕೊಡಂದೇರ ಮನೆತನದ ಸೈನ್ಯಸೇವೆ

ಪ್ರತಿ ವರ್ಷ ಜನವರಿ 15ರಂದು ಸೈನ್ಯದಿನವನ್ನು ಆಚರಿಸುವಾಗ ನಮ್ಮ ನಾಡಿನವರು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರನ್ನು ಅಭಿಮಾನದಿಂದ ಸ್ಮರಿಸುವರು. 1949ರ ಆ ದಿನ ಭಾರತೀಯ ಸೈನ್ಯದ ಸರ್ವಾಧಿಪತ್ಯವು ಆಂಗ್ಲ ಸೇನಾನಿಯ ಕೈಯಿಂದ ಪ್ರಥಮ ಬಾರಿಗೆ ಸ್ವದೇಶೀಯನ ಕೈಗೆ ಬಂದಿತು. ಪ್ರತಿಮೆಗಳಿಗೆ ಹಾರ ಬೀಳುವುದು, ಭಾಷಣಗಳಾಗುವುವು. ಇವೆಲ್ಲವೂ ಯುಕ್ತವೇ. ಆದರೆ ಅವರ ಹೆಸರಿನ ಮುಂದೆ ನಿಲ್ಲುವ ‘ಕೊಡಂದೇರ’ ಎಂಬ ಮಾತನ್ನು ಎಷ್ಟು ಮಂದಿ ಗಮನಿಸಿರುವರೋ ನಾವು ಅರಿಯೆವು. ಅದು ಅವರ ಒಕ್ಕದ ಹೆಸರು. ಜನರಲ್ ತಿಮ್ಮಯ್ಯನವರೂ ಆ ಒಕ್ಕದವರೇ. ಒಂದೇ ಮನೆತನದ ಹೆಸರು ಹೊತ್ತ ಇಬ್ಬರು ಸ್ವತಂತ್ರ ಭಾರತದ ಸೇನಾಧಿಪತ್ಯಕ್ಕೆ ಏರಿದುದು ಸಾಮಾನ್ಯ ಸಂಗತಿಯಲ್ಲ. ಅದಕ್ಕಿಂತಲೂ ವಿಚಾರಾರ್ಹವಾದುದು, ಆ ಮನೆತನದಲ್ಲಿ ಕೀರ್ತಿ ಪಡೆಯದೆ ಉಳಿದವರ ವೃತ್ತಾಂತ.

ಕೊಡವರಲ್ಲಿ ಗಂಡುಮಗು ಜನಿಸಿದರೆ ಕೋವಿಯ ಗುಂಡು ಹಾರಿಸಿ ಊರಿಗೆ ಸಾರುವ, ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನು ಶಿಶುವಿನ ಕೈಗೆ ಮುಟ್ಟಿಸುವ ಸಂಪ್ರದಾಯವುಂಟು. ಕೈಲ್ ಮುಹೂರ್ತದಂದು ಆಯುಧಗಳಿಗೆ ಪೂಜೆ ಸಲ್ಲುವುದು. ಇವುಗಳನ್ನು ಎತ್ತಿ ಹೇಳಿ, ಕೊಡಗಿನವರು ಸೈನ್ಯಕ್ಕೆ ಸೇರುವುದು ಹುಟ್ಟುಗುಣವೆಂದು ತೀರ್ಮಾನಿಸುವವರು ಬಹಳ ಮಂದಿ. ನಮಗೆ ಇದು ಒಪ್ಪಿಗೆಯಿಲ್ಲ. ಯುದ್ಧಕ್ಕೆ ಹುಟ್ಟಿದ ಜಾತಿಗಳು ಬೇರೆ, ಹುಟ್ಟದ ಜಾತಿಗಳು ಬೇರೆ ಎಂಬ ಎಣಿಕೆಯು ಪರಕೀಯ ಪ್ರಭುಗಳು ತಮ್ಮ ದಂಡಿನ ಭರ್ತಿಗಾಗಿ ಹಬ್ಬಿಸಿದ ವಾದ. ಈ ಮನೆತನದವರು ರೂಢಿಯ ಬಲದಿಂದ ನಡೆದವರಲ್ಲ. ಒಬ್ಬೊಬ್ಬರೂ ಕಠಿಣವಾದ ನಿರ್ಣಯವನ್ನು ತಾವೇ ಮಾಡಬೇಕಾಗಿ ಬಂದಿತು.

ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಅವರ ಸೋದರಮಾವ ಸಿ. ಬಿ. ಪೊನ್ನಪ್ಪನವರು ಇಂದೂರಿನ ಡ್ಯಾಲಿ ಕಾಲೇಜಿನಲ್ಲಿ ತರಬೇತಾಗಿ ಕಮಿಷನ್ ಪಡೆದ ಭಾರತೀಯರ ಮೊದಲ ತಂಡದವರು. ಕಾರ್ಯಪ್ಪನವರೂ ಅದೇ ತಂಡದವರು. 1919ನೆಯ ಇಸವಿಯ ಮಾತು. ಡೆಹರಾಡೂನಿನಲ್ಲಿ ಭಾರತೀಯ ಬಾಲಕರಿಗಾಗಿ ಸೈನಿಕ ಶಾಲೆಯು 1922ರ ಮಾರ್ಚಿಯಲ್ಲಿ ಆರಂಭವಾಯಿತು. ಅದನ್ನು ತೆರೆದವರು ಇಂಗ್ಲೆಂಡಿನ ಯುವರಾಜರು. ಅದೇ ಯುವರಾಜರ ಪ್ರವಾಸವನ್ನು ದೇಶವೆಲ್ಲ ಬಹಿಷ್ಕರಿಸಿದ್ದಿತು. ಅದೇ ತಿಂಗಳಲ್ಲಿ ಗಾಂಧೀಜಿಯವರು ಸೆರೆಯಾದರು. ಆ ಶಾಲೆಯ ಪ್ರಥಮ ವಿದ್ಯಾರ್ಥಿಗಳಲ್ಲಿ ತಿಮ್ಮಯ್ಯನವರು ಒಬ್ಬರು. ತರುವಾಯ ಸ್ಯಾಂಡ್‌ಹರ್ಸ್ಟ್‌ಗೆ ಹೋಗಿ 1926ರಲ್ಲಿ ಅಧಿಕಾರಿಯಾದರು.

ಹೊರಗೆ ಸತ್ಯಾಗ್ರಹ, ಒಳಗೆ ಅನ್ಯರಾಜನ ಸೇವೆ. ಅಲಹಾಬಾದಿನಲ್ಲಿದ್ದಾಗ ಈ ಸಂಕಟವನ್ನು ತಿಮ್ಮಯ್ಯನವರು ಪಂಡಿತ ಮೋತಿಲಾಲರ ಮುಂದಿಟ್ಟು, ರಾಜೀನಾಮೆ ಕೊಡಲೇ ಎಂದು ಕೇಳಿದರೆಂದೂ, ಸ್ವಾತಂತ್ರ್ಯ ಬಂದಾಗ ದೇಶಕ್ಕೆ ಯುದ್ಧವಿದ್ಯೆ ಬಲ್ಲವರು ಬೇಕಾಗುವರು, ನಿಂತು ಕಲಿ ಎಂಬ ಉತ್ತರ ಬಂದಿತೆಂದೂ ಅವರ ಚರಿತ್ರಕಾರರು ಬರೆದಿರುವರು. ಕಾಂಗ್ರೆಸ್ಸಿನ ಮಹಾನಾಯಕನ ಬಾಯಿಂದ ಬಂದ ಈ ಬುದ್ಧಿವಾದವನ್ನು, ಅಂದಿನ ಸೈನ್ಯದಲ್ಲಿದ್ದವರನ್ನೆಲ್ಲ ಕೂಲಿಯಾಳುಗಳೆಂದು ಇಂದಿಗೂ ಹೀನಾಯವಾಗಿ ನುಡಿಯುವವರು ಲಕ್ಷ್ಯದಲ್ಲಿಡಬೇಕು.

ಆ ಮನೆಯ ಮೂವರು ಅಣ್ಣತಮ್ಮಂದಿರೂ ಸೈನ್ಯದಲ್ಲಿದ್ದರು. ತಿಮ್ಮಯ್ಯನವರು ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ಪ್ರಾಂತದಲ್ಲಿ ಹೈದರಾಬಾದ್ ರೆಜಿಮೆಂಟಿನ ಎಂಟನೆಯ ಪಟಾಲಮಿನ ನಾಯಕರಾಗಿ ಜಪಾನೀಯರೊಡನೆ ಕಾದಿದರು. 1945ರ ಆದಿಯಲ್ಲಿ ನಡೆದ ಕಾಂಗಾವ್ ಕಾಳಗದಲ್ಲಿ ತಿಮ್ಮಯ್ಯ, ಥೋರಾತ್, ಸೇನ್ ಎಂಬ ಮೂವರು ಭಾರತೀಯರು ಒಂದೇ ಬ್ರಿಗೇಡಿನ ಮೂರು ಪಟಾಲಮುಗಳನ್ನು ನಡೆಸಿದರು, ಮೂವರಿಗೂ ಡಿ. ಎಸ್. ಓ. ಪದಕ ಸಂದಿತು. ಆ ಮಹಾಯುದ್ಧದಲ್ಲಿ ರಣಭೂಮಿಯಲ್ಲಿ ಬ್ರಿಗೇಡನ್ನು ನಡೆಸಿದ ಭಾರತೀಯರು ಅವರೊಬ್ಬರೇ.

ಅಣ್ಣ ಪೊನ್ನಪ್ಪನವರಾದರೋ ಆಜಾದ್ ಹಿಂದ್ ಫೌಜನ್ನು ಸೇರಿದರು. 1942ರ ಫೆಬ್ರವರಿ 15ರಂದು ಸಿಂಗಪುರವು ಪತನವಾದಾಗ ಸುಮಾರು 45,000 ಭಾರತೀಯ ಸೈನಿಕರು ಜಪಾನೀಯರ ಕೈಸೆರೆಯಾಗಿ ಸಿಕ್ಕರು. ಅವರಲ್ಲಿ ಬಹಳ ಮಂದಿ ಆ ಫೌಜಿಗೆ ಸೇರಿದರು. ಹೀಗೆ ಒಂದೇ ತಾಯಿಯ ಮಕ್ಕಳಿಬ್ಬರು ಪರಸ್ಪರ ವಿರುದ್ಧವಾದ ಎರಡು ಸೈನ್ಯಗಳಲ್ಲಿ ಆದರು. ಒಬ್ಬನ ಧ್ವಜವು ಮತ್ತೊಬ್ಬನಿಗೆ ಶತ್ರುಧ್ವಜ. ಆ ತಾಯಿಗೆ ಸಮಾಜಸೇವೆಗಾಗಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿದ್ದಿತು ಎಂಬುದನ್ನೂ ಕೂಡಿಸಿ ನೋಡಿದರೆ ಆ ಮನೆಯ ಸ್ಥಿತಿಯು ವಾಚಕರಿಗೆ ತಿಳಿದೀತು.

ಕಿರಿಯವನಾದ ಸೋಮಯ್ಯ 1947-48ರ ಕಾಶ್ಮೀರದ ಕಾರ್ಯಾಚರಣೆಯಲ್ಲಿ ನೆಲಬಾಂಬಿನ ಅವಘಡದಿಂದ ಮಡಿದರು. ಅದೇ ಕಾಶ್ಮೀರದಲ್ಲಿ ತಿಮ್ಮಯ್ಯನವರು 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಮೀರಿದ ಜೋಜಿಲಾ ಕಣಿವೆಯ ದಾರಿಗೆ ಟ್ಯಾಂಕುಗಳನ್ನು ಏರಿಸಿ, ಮುಂದಿನ ಟ್ಯಾಂಕಿನಲ್ಲಿ ತಾವೇ ಕುಳಿತು ಶತ್ರುಗಳನ್ನು ಹಿಮ್ಮೆಟ್ಟಿಸಿದರು. ಲೇಹಕ್ಕೆ ಹೋಗುವ ದಾರಿ ಅದರಿಂದ ತೆರೆಯಿತು. ಆಗ ಪಶ್ಚಿಮದ ಸೈನ್ಯವಿಭಾಗಕ್ಕೆ ಅಧಿಪತಿಗಳಾಗಿದ್ದವರು ಕಾರ್ಯಪ್ಪನವರು.

ಮುಂದಿನ ತಲೆಮಾರಿಗೆ ಬರೋಣ. ಕಾರ್ಯಪ್ಪನವರು ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. 1965ರ ಯುದ್ಧದಲ್ಲಿ ಅವರ ಮಗ ನಂದಾ ಕಾರ್ಯಪ್ಪನವರು ವಾಯುಪಡೆಯ ಹಂಟರ್ ವಿಮಾನವನ್ನು ನಡೆಸುತ್ತಿದ್ದರು. ಕದನವಿರಾಮಕ್ಕೆ ಒಂದು ದಿನ ಮುಂಚೆ, ಸೆಪ್ಟೆಂಬರ್ 22ರಂದು, ಅವರ ವಿಮಾನಕ್ಕೆ ಗುಂಡು ತಗುಲಿತು. ಅವರು ಪಾಕಿಸ್ತಾನದವರ ಕೈಗೆ ಸೆರೆಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ದೇಶವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಸೇವೆ ಮಾಡಿದ್ದವರು. ಹಳೆಯ ಮೇಲಧಿಕಾರಿಯ ಮಗನೆಂದು ತಿಳಿದು, ಬಿಡುಗಡೆ ಮಾಡುವುದಾಗಿ ಹೇಳಿಕಳುಹಿಸಿದರು. ಸೆರೆಯಲ್ಲಿರುವ ಎಲ್ಲ ಸೈನಿಕರೂ ತನ್ನ ಮಕ್ಕಳೇ. ಎಲ್ಲರಿಗೂ ಏನೋ ಇವನಿಗೂ ಅದೇ. ಬಿಡುವುದಾದರೆ ಎಲ್ಲರನ್ನೂ ಬಿಡಿರಿ ಎಂಬರ್ಥದ ಉತ್ತರ ತಂದೆಯಿಂದ ಹೋಯಿತು. ಈ ಪ್ರಸಂಗವನ್ನು ನಮ್ಮ ಭಾಷಣಕಾರರು ಎರಡೇ ವಾಕ್ಯಗಳಲ್ಲಿ ಮುಗಿಸಿ ಕರತಾಡನ ಮಾಡಿಸಿಕೊಳ್ಳುವರು. ಆದರೆ ಆ ಉತ್ತರವನ್ನು ಕೊಟ್ಟ ಮೇಲೆ ಮಗನು ಹಿಂತಿರುಗಿದುದು 1966ರ ಜನವರಿ 22ರಂದು. ನಡುವೆ ನಾಲ್ಕು ತಿಂಗಳುಗಳು ಕಳೆದವು. ಆ ನಾಲ್ಕು ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯದೆ ಆ ಉತ್ತರದ ಬೆಲೆಯನ್ನು ಕಟ್ಟಲಾಗದು. ಅದೇ ಅವಧಿಯಲ್ಲಿ, ಡಿಸೆಂಬರ್ 18ರಂದು, ಸೈಪ್ರಸ್ ದ್ವೀಪದಲ್ಲಿ ಸಂಯುಕ್ತ ರಾಷ್ಟ್ರಗಳ ಶಾಂತಿಪಡೆಯ ದಂಡನಾಯಕರಾಗಿದ್ದ ತಿಮ್ಮಯ್ಯನವರು ಹೃದಯಾಘಾತದಿಂದ ತೀರಿಕೊಂಡರು.

ಇವರಲ್ಲಿ ನಾವು ಯಾರನ್ನು ನೆನೆಯುತ್ತಿದ್ದೇವೆ? ತಿಮ್ಮಯ್ಯನವರು ಬಾಳಿದ ಮಡಿಕೇರಿಯ ‘ಸನ್ನಿಸೈಡ್’ ಮನೆಯು ಬಹುಕಾಲ ಸರಕಾರಿ ಕಚೇರಿಯಾಗಿದ್ದು, 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳಿಂದ ವಸ್ತುಸಂಗ್ರಹಾಲಯವಾಗಿ ತೆರೆಯಲ್ಪಟ್ಟಿತು. ತಡವಾಯಿತಾದರೂ ಸಂತೋಷ. ಕಾರ್ಯಪ್ಪನವರಿಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಸಂದಿತು. ಆದರೆ ಪೊನ್ನಪ್ಪನವರಂಥವರ ಗತಿಯೇನು? ಆಜಾದ್ ಹಿಂದ್ ಫೌಜಿನವರು ಮಡಿದವರಿಗಾಗಿ 1945ರ ಜುಲೈಯಲ್ಲಿ ಸಿಂಗಪುರದಲ್ಲಿ ನೆಟ್ಟ ಸ್ಮಾರಕವನ್ನು, ಮರಳಿ ಬಂದ ಬ್ರಿಟಿಷರು ಎರಡೇ ತಿಂಗಳಲ್ಲಿ ಕೆಡವಿದರು. ಪರಕೀಯರು ಹೀಗೆ ಮಾಡಿದುದರಲ್ಲಿ ಆಶ್ಚರ್ಯವಿಲ್ಲ. ಸ್ವತಂತ್ರ ಭಾರತವೂ ಆ ಫೌಜಿನವರನ್ನು ಸೈನ್ಯಕ್ಕೆ ಮರಳಿ ತೆಗೆದುಕೊಳ್ಳಲಿಲ್ಲ. ಸ್ವಾತಂತ್ರ್ಯಯೋಧರೆಂಬ ಪಿಂಚಣಿಯು ಅವರಿಗೆ ದೊರೆತುದು 1972ರಲ್ಲಿ. ಶಿಸ್ತಿನ ದೃಷ್ಟಿಯಿಂದ ಮೊದಲನೆಯದಕ್ಕೆ ಸಮರ್ಥನೆಯಿದ್ದೀತು. ಎರಡನೆಯದಕ್ಕೆ ಇಪ್ಪತ್ತೈದು ವರ್ಷ ಬೇಕಾಯಿತೇಕೆ ಎಂಬುದು ನಮಗೆ ಅರ್ಥವಾಗದು.

ಕೊಡಂದೇರ ಮನೆತನವು ಪ್ರಸಿದ್ಧವಾದುದರಿಂದ ಇಷ್ಟಾದರೂ ನಮಗೆ ತಿಳಿದಿದೆ. 1939-45ರ ಯುದ್ಧಕ್ಕೆ ಹೋದ ಭಾರತೀಯರು ಇಪ್ಪತ್ತೈದು ಲಕ್ಷ. ಮಡಿದವರು ಸುಮಾರು 87,000. ಅದಕ್ಕೆ ಹಿಂದಿನ ಮಹಾಯುದ್ಧದಲ್ಲಿ ಸುಮಾರು 74,000. ಮೈಸೂರು ಲ್ಯಾನ್ಸರ್ಸ್ ದಳದವರು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದವರಲ್ಲಿ ಸೇರಿದ್ದರು. ಇವರಲ್ಲಿ ಬಹುಪಾಲು ಮಂದಿಯ ವಿಷಯವಾಗಿ ಮನೆಗಳಲ್ಲಿ ಉಳಿದಿರುವುದು ಒಂದು ಪದಕ, ಒಂದು ಮಸುಕಾದ ಭಾವಚಿತ್ರ, ‘ಅಜ್ಜ ಬಸ್ರಾಕ್ಕೆ ಹೋಗಿದ್ದರು’ ಎಂಬ ಒಂದು ಮಾತು. ಅಟ್ಟ ಗುಡಿಸುವಾಗ ಪದಕವು ಹಳೆಯ ಸಾಮಾನಿನ ವ್ಯಾಪಾರಿಯ ತಕ್ಕಡಿಗೆ ಬೀಳುವುದೂ ಉಂಟು.

ಅಂಥ ಮನೆಗಳವರಲ್ಲಿ ನಮ್ಮದೊಂದು ವಿಜ್ಞಾಪನೆ. 1914-18ರ ಯುದ್ಧದ ಪದಕವಿದ್ದರೆ ಅದನ್ನು ಬೆಳಕಿಗೆ ಹಿಡಿದು ಅಂಚನ್ನು ನೋಡಿರಿ. ಸಿಪಾಯಿಯ ಸಂಖ್ಯೆ, ಹೆಸರು, ಪಟಾಲಮು ಅಲ್ಲಿ ಕೊರೆಯಲ್ಪಟ್ಟಿರುವುವು. ಅವನ್ನು ಮೊದಲು ಒಂದು ಕಾಗದದಲ್ಲಿ ಬರೆದುಕೊಳ್ಳಿರಿ. ಆಮೇಲೆ ಮನೆಯ ಹಿರಿಯರನ್ನು ಕುಳ್ಳಿರಿಸಿ, ಅವರು ಹೇಳುವುದನ್ನು ತಿದ್ದದೆ, ಅವರ ಮಾತಿನಲ್ಲಿಯೇ ಅದರ ಕೆಳಗೆ ಬರೆಯಿರಿ.