ಹಳೆಯ ವಿಮಾನ: ವಯಸ್ಸಿಗಿಂತ ದಾಖಲೆ ಮುಖ್ಯ

ಯಾದಗಿರಿ: ಶಹಾಪುರ, ಸುರಪುರದ ಕಡೆ ಹಳೆಯ ಟ್ರ್ಯಾಕ್ಟರ್ ಕೊಳ್ಳುವ ರೈತರು ಮೊದಲು ಕೇಳುವುದು ಯಾವ ವರ್ಷದ ಮಾಡೆಲ್ ಎಂದು. ಹಳೆಯ ಟರ್ಬೊಪ್ರಾಪ್ ವಿಮಾನದ ವ್ಯವಹಾರದಲ್ಲಿ ಈ ಪ್ರಶ್ನೆಯೊಂದೇ ಸಾಲದು. ಅದು ಎಷ್ಟು ಸಲ ಏರಿ ಇಳಿದಿದೆ ಎಂಬುದನ್ನೂ ನೋಡಬೇಕು. ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯ ಒತ್ತಡ ಏರಿಳಿಯುವುದರಿಂದ ಲೋಹದ ಕವಚ ದಣಿಯುತ್ತದೆ, ಲ್ಯಾಂಡಿಂಗ್ ಗೇರ್ ಸವೆಯುತ್ತದೆ. ಅರ್ಧ ಗಂಟೆಯ ಹಾರಾಟಗಳಲ್ಲೇ ದುಡಿದ ವಿಮಾನ ವಯಸ್ಸಿಗೆ ಮೀರಿ ಮುಪ್ಪಾಗಿರಬಹುದು.

ಇನ್ನು ಕಾಗದಪತ್ರ. ಎಂಜಿನ್‌ನ ತಿರುಗುವ ಕೆಲವು ಭಾಗಗಳಿಗೆ ಆಯುಷ್ಯ ನಿಗದಿಯಾಗಿದ್ದು, ತಯಾರಾದ ದಿನದಿಂದ ಅವು ದುಡಿದ ಲೆಕ್ಕ ಬೇಕು. ಆ ದಾಖಲೆ ಕಳೆದುಹೋದರೆ ಭಾಗ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಗುಜರಿಗೆ ಸಮ.

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ್ದು ಗುತ್ತಿಗೆಗೆ ಪಡೆದ, ಬಳಸಿದ ಎಟಿಆರ್-42 ವಿಮಾನಗಳಿಂದಲೇ. ಕಡಿಮೆ ದೂರಕ್ಕೆ ಇವು ಜೆಟ್‌ಗಿಂತ ಕಡಿಮೆ ಇಂಧನ ಬಳಸುತ್ತವೆ.

ಯಾದಗಿರಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. 2019ರ ನವೆಂಬರ್ 22ರಂದು ಉದ್ಘಾಟನೆಗೊಂಡ ಕಲಬುರಗಿ ನಿಲ್ದಾಣಕ್ಕೆ ಬೆಂಗಳೂರಿನಿಂದ ಎಟಿಆರ್-72 ಹಾರಿದ್ದುಂಟು. ಪ್ರಯಾಣಿಕರು ಕಡಿಮೆ ಇರುವ ಮಾರ್ಗಗಳಿಗೆ ಅಗ್ಗದ ಹಳೆಯ ವಿಮಾನ ಆಕರ್ಷಕವೇ ಸರಿ. ಆದರೆ ಕೊಂಡ ಬೆಲೆ ಮೊದಲ ಖರ್ಚು ಮಾತ್ರ. ಎಂಜಿನ್, ಪ್ರೊಪೆಲ್ಲರ್, ಲ್ಯಾಂಡಿಂಗ್ ಗೇರ್‌ಗಳ ದೊಡ್ಡ ದುರಸ್ತಿಗೆ ಇನ್ನೆಷ್ಟು ಹಾರಾಟ ಬಾಕಿಯಿದೆ ಎಂಬುದರ ಮೇಲೆಯೇ ಚೌಕಾಸಿ ನಡೆಯುತ್ತದೆ.