ಬೆಳಕು ಬರಲಿ, ನೋಟ ಬಾರದಿರಲಿ

ವಾಡಿ ಜಂಕ್ಷನ್ನಿನಿಂದ ಹೊರಟು ಚಿತ್ತಾಪುರದಲ್ಲಿಯೋ ಸೇಡಮಿನಲ್ಲಿಯೋ ಇಳಿದು ಹಳೆಯ ಓಣಿಯೊಂದನ್ನು ಹೊಕ್ಕವರು ಒಂದು ಸಂಗತಿಯನ್ನು ಗಮನಿಸದಿರಲಾರರು. ಇಕ್ಕೆಲಗಳಲ್ಲಿಯೂ ಬೂದು ಬಣ್ಣದ ಕಲ್ಲಿನ ಗೋಡೆಗಳು. ಒಂದು ದೊಡ್ಡ ಬಾಗಿಲು, ಅದರ ಮಗ್ಗುಲಲ್ಲಿ ಕೂಡುವ ಕಟ್ಟೆ. ಕಿಟಕಿ ಮಾತ್ರ ಇಲ್ಲ. ಇದ್ದರೂ ಆಳೆತ್ತರಕ್ಕಿಂತ ಮೇಲೆ, ಗೇಣಗಲದ್ದು. ಪರಸ್ಥಳದವನಿಗೆ ಈ ಮನೆಗಳು ಮುನಿಸಿಕೊಂಡು ಬೆನ್ನು ತಿರುಗಿಸಿದಂತೆ ತೋರುವುದುಂಟು. ಹಾಗಾದರೆ ಒಳಗಿನವರಿಗೆ ಬೆಳಕು ಎಲ್ಲಿಂದ?

ತಲೆಯ ಮೇಲಿನಿಂದ. ಸಪಾಟಾದ ಮಾಳಿಗೆಯಲ್ಲಿ ಅಲ್ಲಲ್ಲಿ ಸುಮಾರು ಒಂದು ಚದರ ಅಡಿಯ ಕಂಡಿಯನ್ನು ಬಿಟ್ಟಿರುತ್ತಾರೆ. ಇದೇ ಬೆಳಕಿಂಡಿ, ಗವಾಕ್ಷಿಯೆಂದೂ ಕರೆಯುವರು. ಮಳೆ ಬಂದರೆ ಒಬ್ಬರು ಮೇಲೇರಿ ಕಲ್ಲುಚಪ್ಪಡಿಯನ್ನು ಎಳೆದು ಮುಚ್ಚಿದರಾಯಿತು. ಇಷ್ಟು ಸಣ್ಣ ಕಂಡಿಯಿಂದ ಏನು ಬೆಳಕು ಬಂದೀತೆಂದು ಕೇಳಬಹುದು. ಮೋಡ ಮುಸುಕಿದ ದಿನ ನೆತ್ತಿಯ ಮೇಲಿನ ಆಕಾಶವು ದಿಗಂತದ ಆಕಾಶಕ್ಕಿಂತ ಸುಮಾರು ಮೂರು ಪಾಲು ಪ್ರಕಾಶಮಾನವಾಗಿರುತ್ತದೆ. ಗೋಡೆಯ ಕಿಟಕಿಗೆ ಎದುರುಮನೆಯ ಗೋಡೆಯೇ ಅಡ್ಡ. ಬೆಳಕಿಂಡಿಗೆ ಅಡ್ಡಬರುವುದು ಯಾವುದೂ ಇಲ್ಲ. ಬೆಳಕು ಇಳಿಯುತ್ತದೆ, ದಾರಿಹೋಕನ ನೋಟ ಇಳಿಯಲಾರದು.

ಗೋಡೆಗಳು ಹೀಗೆ ಮುಚ್ಚಿಕೊಂಡುದಕ್ಕೆ ಮರ್ಯಾದೆಯೊಂದೇ ಕಾರಣವಲ್ಲ. ಶಹಾಬಾದಿನ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದ ಸುಣ್ಣಕಲ್ಲು 50 ಕೋಟಿ ವರ್ಷಗಳಿಗೂ ಹಿಂದೆ ಕಡಲಿನ ತಳದಲ್ಲಿ ಪದರಪದರವಾಗಿ ಕೂಡಿದುದು. ಆದುದರಿಂದಲೇ ಅದು ಹಲಗೆಯಂತೆ ಸೀಳಿ ಬರುತ್ತದೆ. ಚಿಂಚೋಳಿ ತಾಲ್ಲೂಕಿನ ಕೆಲವೆಡೆ ಜಂಬಿಟ್ಟಿಗೆ ಕಲ್ಲೂ ಉಂಟು. ಕಲ್ಲು ಭಾರವನ್ನು ಹೊರಬಲ್ಲದು, ಬಾಗಲಾರದು. ಕಿಟಕಿಯ ಮೇಲಿಟ್ಟ ಚಪ್ಪಡಿಯ ಉದ್ದ ಇಮ್ಮಡಿಯಾದರೆ, ಅದರ ಸ್ವಂತ ಭಾರವೇ ಅದನ್ನು ಬಾಗಿಸುವ ಪ್ರಭಾವ ನಾಲ್ಮಡಿಯಾಗುತ್ತದೆ. ಹೀಗಿರಲು ಗೌಂಡಿಯು ಕಿಟಕಿಯನ್ನು ಕಿರಿದಾಗಿಸಿದುದು ಸಹಜವೇ. ಇದರ ಜೊತೆಗೆ 42 ಡಿಗ್ರಿಯನ್ನು ದಾಟುವ ಬೇಸಿಗೆ. ಬಿಸಿಗಾಳಿಗೆ ಬಾಗಿಲು ತೆರೆದಿಡುವವರಾರು?

ಪರ್ಷಿಯದ, ಎಂದರೆ ಇಂದಿನ ಇರಾನಿನ, ಯಜ್ದ್ ಮತ್ತು ಕಾಶಾನ್ ನಗರಗಳ ಹಳೆಯ ಮನೆಗಳೂ ಬೀದಿಗೆ ಬೋಳುಗೋಡೆಯನ್ನೇ ತೋರಿಸುತ್ತವೆ. ಅತಿಥಿಗಳಿಗೆ ಬೀರೂನಿ, ಮನೆಯವರಿಗೆ ಅಂದರೂನಿ ಎಂಬ ಎರಡು ಭಾಗಗಳು. ಬಣ್ಣದ ಗಾಜಿನ ಚೌಕಟ್ಟುಗಳೆಲ್ಲ ಒಳಗಿನ ಅಂಗಳದತ್ತ ತೆರೆದುಕೊಳ್ಳುತ್ತವೆ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ ಮೇಲೆ ಪಾರಸಿ ಮಾತು ಈ ಸೀಮೆಯಲ್ಲಿ ಬಲವಾಗಿ ಬೇರೂರಿತು. ಪರದೆ, ದಿವಾನಖಾನೆ, ದರವಾಜೆ ಎಲ್ಲವೂ ಆ ಮೂಲದವು. ಆದರೆ ಮನೆಯ ನಕ್ಷೆಯೂ ಅಲ್ಲಿಂದಲೇ ಬಂದಿತೆಂದು ನಾನು ಹೇಳಲಾರೆ. ಒಂದೇ ಬಿಸಿಲು, ಒಂದೇ ಸಂಕೋಚ, ಒಂದೇ ಬಗೆಯ ಗೋಡೆಯನ್ನು ಕಟ್ಟಿಸಬಲ್ಲವು.

ಶ್ರೀಮಂತರ ವಾಡೆಗಳಲ್ಲಿ ಮೇಲಂತಸ್ತಿಗೆ ಜಾಲಂದರಗಳನ್ನು ಇಡುತ್ತಿದ್ದರು. ಅದರ ಹಿಂದೆ ನಿಂತ ಹೆಣ್ಣುಮಗಳು ಬೀದಿಯ ಮೆರವಣಿಗೆಯನ್ನು ಕಾಣುವಳು. ಬೀದಿಯವರು ಆಕೆಯನ್ನು ಕಾಣರು. ಇದರಲ್ಲಿ ಮಾಯೆಯೇನೂ ಇಲ್ಲ, ಬರಿಯ ಲೆಕ್ಕ. ನಡುಹಗಲಿನ ಬಿಸಿಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕಿದ್ದರೆ ಕೋಣೆಯೊಳಗೆ ನೂರಿನ್ನೂರು ಲಕ್ಸ್ ಇದ್ದೀತು. ಹೊರಗಿನವನ ಕಣ್ಣಿಗೆ ಬಿಸಿಲು ಬಿದ್ದ ಜಾಲರಿಯೇ ಬೆಳಗುತ್ತದೆ. ಅದರ ರಂಧ್ರಗಳಿಂದ ಬರುವ ಮಂದ ಬೆಳಕು ಆ ಹೊಳಪಿನಲ್ಲಿ ಮುಳುಗಿಹೋಗುತ್ತದೆ. ಒಳಗಿನವಳಿಗಾದರೋ ಜಾಲರಿಯು ಕಪ್ಪು ರೇಖೆ, ಅದರಾಚೆಯೆಲ್ಲ ಬೆಳಕು. ಸಂಜೆ ಒಳಗೆ ದೀಪ ಹಚ್ಚಿದೊಡನೆ ಲೆಕ್ಕ ತಲೆಕೆಳಗಾಗುತ್ತದೆ. ಎಣ್ಣೆಯ ದೀಪದ ಕಾಲದಲ್ಲಿ ಇದು ಅಷ್ಟಾಗಿ ಬಾಧಿಸಲಿಲ್ಲ. ವಿದ್ಯುದ್ದೀಪ ಬಂದ ಮೇಲೆ ಜಾಲಂದರವು ರಾತ್ರಿಯ ಕಾವಲಿಗೆ ನಿಷ್ಪ್ರಯೋಜಕವಾಯಿತು.

ಈ ಮರೆಗೆ ತೆತ್ತ ಬೆಲೆಯನ್ನೂ ಹೇಳಬೇಕು. ಅಡುಗೆಯ ಕೋಣೆ ಮನೆಯ ತೀರ ಒಳಗೆ. ಸೌದೆಯ ಒಲೆ, ಗೋಡೆಗೆ ಕಂಡಿಯಿಲ್ಲ. ಬಿಸಿಯಾದ ಹೊಗೆ ಹಗುರವಾಗಿ ಮೇಲೇರಿ ಬೆಳಕಿಂಡಿಯಿಂದ ಹೊರಹೋಗುವುದು ನಿಜ. ಆದರೆ ತಾಜಾ ಗಾಳಿಯು ಕೆಳಗಿನಿಂದ ಒಳಬಾರದೆ ಹೊಗೆ ಸರಾಗವಾಗಿ ಹೊರಡದು. ಮಳೆಗಾಲದಲ್ಲಿ ಚಪ್ಪಡಿ ಮುಚ್ಚಿದರಂತೂ ಆ ದಾರಿಯೂ ಇಲ್ಲ. ಹಳೆಯ ಮನೆಗಳ ತೊಲೆಗಳಿಗೆ ಹಿಡಿದ ಕಾಡಿಗೆಯನ್ನು ನೋಡಿದವರಿಗೆ, ಒಲೆಯ ಮುಂದೆ ಕುಳಿತವಳ ಎದೆಗೂಡಿನ ಸ್ಥಿತಿಯನ್ನು ಬೇರೆ ಹೇಳಬೇಕಾಗಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನೋಟವನ್ನು ತಡೆದ ಗೋಡೆ ಗಾಳಿಯನ್ನೂ ತಡೆಯಿತು. ಮರ್ಯಾದೆ ಮನೆತನದ್ದಾಯಿತು, ಕೆಮ್ಮು ಹೆಂಗಸರದಾಯಿತು.

ಆದರೂ ಅವರು ಒಳಗೇ ಕುಳಿತವರಲ್ಲ. ಮಾಳಿಗೆಗೆ ಮಾಳಿಗೆ ತಾಗಿದ್ದಲ್ಲಿ ಅದೇ ಅವರ ಬೀದಿ. ಹಪ್ಪಳ ಒಣಗಿಸಲು ಹೋದಾಗ ನೆರೆಮನೆಯವರೊಡನೆ ಮಾತು. ಬೇಸಿಗೆಯ ರಾತ್ರಿ ಅಲ್ಲಿಯೇ ಹಾಸಿಗೆ.

ಈಗ ಸಿಮೆಂಟು, ಕಬ್ಬಿಣಗಳಿಂದ ಎಷ್ಟಗಲದ ಕಿಟಕಿಯನ್ನಾದರೂ ಇಡಬಹುದು. ಸೇಡಮಿನ ಹೊಸ ಬಡಾವಣೆಯ ಮನೆಗಳಿಗೂ ಬೀದಿಯತ್ತ ದೊಡ್ಡ ಗಾಜುಗಳು ಬಂದಿವೆ. ಆ ಗಾಜಿನ ಹಿಂದೆ ದಿನವೆಲ್ಲ ದಪ್ಪನೆಯ ಪರದೆ ಇಳಿಬಿಟ್ಟು, ಮಧ್ಯಾಹ್ನ ಹನ್ನೆರಡಕ್ಕೆ ಒಳಗೆ ದೀಪ ಹಚ್ಚಿ ಕುಳಿತಿರುವ ಮನೆಗಳೂ ಇಲ್ಲದಿಲ್ಲ.