ಸೊನ್ನೆಗಿಂತ ತಣ್ಣಗಿನ ಕಂಪ್ಯೂಟರ್: ಇಬ್ಬನಿಯಿಂದ ಕಾಪಾಡುವುದು ಹೇಗೆ?

ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿಯನ್ನು ಮೇಜಿನ ಮೇಲೆ ಇಟ್ಟು ನೋಡಿ. ಒಂದೆರಡು ನಿಮಿಷಗಳಲ್ಲಿ ಅದರ ಹೊರಮೈ ಮಸುಕಾಗುತ್ತದೆ. ಆಮೇಲೆ ಸಣ್ಣ ಹನಿಗಳು ಮೂಡುತ್ತವೆ, ಒಂದಕ್ಕೊಂದು ಸೇರಿ ಕೆಳಗಿಳಿಯುತ್ತವೆ, ಮೇಜಿನ ಮೇಲೆ ಉಂಗುರದಂತೆ ನಿಲ್ಲುತ್ತವೆ. ಬಾಟಲಿ ಸೋರಿಲ್ಲ. ಆ ನೀರು ಬಂದದ್ದು ಕೋಣೆಯ ಗಾಳಿಯಿಂದ.

ಈಗ ಆ ಬಾಟಲಿಯ ಜಾಗದಲ್ಲಿ ಕಂಪ್ಯೂಟರಿನ ಸಂಸ್ಕಾರಕ, ಅಂದರೆ ಪ್ರೊಸೆಸರ್ ಇದೆ ಎಂದುಕೊಳ್ಳಿ. ಅದನ್ನು ತಂಪುಮಾಡುವ ಲೋಹದ ಫಲಕದ ತಾಪ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಯಂತ್ರ ಹಗಲು ರಾತ್ರಿ, ತಿಂಗಳುಗಟ್ಟಲೆ ಓಡಬೇಕು. ಬಾಟಲಿಯಿಂದ ಇಳಿದ ನೀರು ಮೇಜನ್ನು ಒದ್ದೆ ಮಾಡಿತು, ಅಷ್ಟೆ. ಇಲ್ಲಿ ಇಳಿಯುವ ನೀರು ಸೇರುವುದು ವಿದ್ಯುತ್ ಹರಿಯುತ್ತಿರುವ ಮಂಡಲಗಳನ್ನು. ಇಂಥ ಯಂತ್ರವನ್ನು ತಣ್ಣಗೆ ಮಾಡುವುದಕ್ಕಿಂತ ಒಣಗಿಸಿ ಇಡುವುದೇ ಕಷ್ಟದ ಕೆಲಸ.

ಇಷ್ಟು ತಂಪು ಏಕೆ ಬೇಕು?

ತಾಪ ಇಳಿದಂತೆ ಸಿಲಿಕಾನ್‌ನಲ್ಲಿ ಇಲೆಕ್ಟ್ರಾನ್‌ಗಳ ಓಡಾಟ ಸುಲಭವಾಗುತ್ತದೆ. ಟ್ರಾನ್ಸಿಸ್ಟರುಗಳಲ್ಲಿ ಸೋರಿಹೋಗುವ ವಿದ್ಯುತ್ ಕಡಿಮೆಯಾಗುತ್ತದೆ. ತಾಮ್ರದ ತಂತಿಯ ರೋಧವೂ ಇಳಿಯುತ್ತದೆ. ಕೋಣೆಯ ತಾಪದಿಂದ ಮೈನಸ್ 40 ಡಿಗ್ರಿಗೆ ಬಂದರೆ ಅದು ಸುಮಾರು ಕಾಲು ಭಾಗ ಕಡಿಮೆ. ಹಾಗಾಗಿ ಅದೇ ಚಿಪ್ಪು ಹೆಚ್ಚು ವೇಗದಲ್ಲಿ ಕೆಲಸ ಮಾಡಬಲ್ಲದು.

ಅಮೆರಿಕದ ಇಟಿಎ ಸಿಸ್ಟಮ್ಸ್ ಎಂಬ ಸಂಸ್ಥೆ 1980ರ ದಶಕದಲ್ಲಿ ಇಟಿಎ-10 ಎಂಬ ಸೂಪರ್ ಕಂಪ್ಯೂಟರನ್ನು ನಿರ್ಮಿಸಿತು. ಅದರ ವೇಗದ ಮಾದರಿಗಳಲ್ಲಿ ಸಂಸ್ಕಾರಕದ ಫಲಕವನ್ನು ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವ ಸಾರಜನಕದಲ್ಲಿ ಮುಳುಗಿಸಲಾಗುತ್ತಿತ್ತು. 2000ದ ಆರಂಭದಲ್ಲಿ ಕ್ರಯೋಟೆಕ್ ಎಂಬ ಇನ್ನೊಂದು ಅಮೆರಿಕನ್ ಸಂಸ್ಥೆ, ಫ್ರಿಜ್‌ನಲ್ಲಿರುವಂಥದೇ ಸಂಪೀಡಕವನ್ನು ಪೆಟ್ಟಿಗೆಯೊಳಗೆ ಕೂರಿಸಿ, ಅಥ್ಲಾನ್ ಸಂಸ್ಕಾರಕವನ್ನು 1 ಗಿಗಾಹರ್ಟ್ಸ್ ವೇಗದಲ್ಲಿ ಓಡಿಸುವ ಮೇಜಿನ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಪ್ರದರ್ಶನಕ್ಕಾಗಿ ಕೆಲವು ಗಂಟೆ ದ್ರವ ಸಾರಜನಕ ಸುರಿದು ದಾಖಲೆ ಮುರಿಯುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಅವರು ಒಂದಿಷ್ಟು ಕಾಗದದ ಟವೆಲ್, ಒಂದಿಷ್ಟು ಪೆಟ್ರೋಲಿಯಂ ಜೆಲ್ಲಿಯಿಂದ ಕೆಲಸ ಮುಗಿಸುತ್ತಾರೆ. ನಿರಂತರ ಓಡುವ ಯಂತ್ರಕ್ಕೆ ಇದು ಸಾಲದು.

ಇಬ್ಬನಿ ಬಿಂದು

ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಸುಮಾರು 30 ಗ್ರಾಮ್ ನೀರಾವಿ ಇರಲು ಸಾಧ್ಯ. 10 ಡಿಗ್ರಿಯಲ್ಲಿ ಸುಮಾರು 9 ಗ್ರಾಮ್, ಸೊನ್ನೆಯಲ್ಲಿ ಸುಮಾರು 5 ಗ್ರಾಮ್. ಮೈನಸ್ 40ರಲ್ಲಿ ಕೇವಲ 0.12 ಗ್ರಾಮ್. ಗಾಳಿಯನ್ನು ತಣ್ಣಗೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ಅದು ತನ್ನಲ್ಲಿರುವ ಆವಿಯಿಂದಲೇ ಪರ್ಯಾಪ್ತವಾಗುತ್ತದೆ. ಆ ತಾಪವೇ ಇಬ್ಬನಿ ಬಿಂದು. ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈಯ ಮೇಲಾದರೂ ಹನಿಗಳು ಮೂಡುತ್ತವೆ. ಮೇಲ್ಮೈ ಸೊನ್ನೆಗಿಂತ ಕೆಳಗಿದ್ದರೆ ಆವಿ ನೇರವಾಗಿ ಹಿಮದ ಹರಳಾಗಿ ಕೂರುತ್ತದೆ.

ಕೋಣೆಯ ತಾಪ 25 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 50 ಇದ್ದರೆ ಇಬ್ಬನಿ ಬಿಂದು ಸುಮಾರು 14 ಡಿಗ್ರಿ. 28 ಡಿಗ್ರಿ ಮತ್ತು ಶೇ. 70 ಆದರೆ 22 ಡಿಗ್ರಿ. ಕರಾವಳಿಯ ಮಳೆಗಾಲದಲ್ಲಿ ಆಗುವಂತೆ 28 ಡಿಗ್ರಿ ಮತ್ತು ಶೇ. 90 ಆದರೆ 26 ಡಿಗ್ರಿ! ಗಮನಿಸಿ, ಇಬ್ಬನಿಯ ಭಯ ಸೊನ್ನೆ ಡಿಗ್ರಿಯಿಂದ ಶುರುವಾಗುವುದಿಲ್ಲ. ಕೋಣೆಗಿಂತ ಎರಡೇ ಡಿಗ್ರಿ ತಣ್ಣಗಿರುವ ಕೊಳವೆಯೂ ಬೆವರಬಹುದು.

ನೀರು ಮಾಡುವ ಹಾನಿ

ಶುದ್ಧ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಯಗೊಡುತ್ತದೆ, ಮತ್ತು ಸಾಂದ್ರೀಕರಣದಿಂದ ಬಂದ ನೀರು ಹೆಚ್ಚು ಕಡಿಮೆ ಶುದ್ಧವೇ. ಹಾಗಾದರೆ ಹೆದರಬೇಕೇಕೆ? ಏಕೆಂದರೆ ಮಂಡಲ ಫಲಕದ ಮೇಲೆ ಬಿದ್ದ ಕ್ಷಣದಿಂದ ಅದು ಶುದ್ಧವಾಗಿ ಉಳಿಯುವುದಿಲ್ಲ. ಧೂಳು, ಬೆರಳಿನ ಬೆವರು, ಬೆಸುಗೆಯ ವೇಳೆ ಉಳಿದ ಫ್ಲಕ್ಸ್ ಇವೆಲ್ಲ ಅದರಲ್ಲಿ ಕರಗುತ್ತವೆ.

ಆಗ ಎರಡು ಬಗೆಯ ಹಾನಿ ಆಗಬಹುದು. ಒಂದು, ತಕ್ಷಣದ ಶಾರ್ಟ್ ಸರ್ಕ್ಯೂಟ್. ಇನ್ನೊಂದು ನಿಧಾನವಾದದ್ದು. ಅಕ್ಕಪಕ್ಕದ ಎರಡು ತಂತಿಗಳ ನಡುವೆ ವೋಲ್ಟೇಜ್ ಇದ್ದು, ನಡುವೆ ತೆಳುವಾದ ನೀರಿನ ಪೊರೆ ಇದ್ದರೆ, ತಾಮ್ರ, ತವರ ಅಥವಾ ಬೆಳ್ಳಿಯ ಅಯಾನುಗಳು ಒಂದು ತಂತಿಯಿಂದ ಹೊರಟು ಇನ್ನೊಂದರ ಮೇಲೆ ಕೂರುತ್ತವೆ. ಜರೀಗಿಡದ ಎಲೆಯಂತೆ ಕವಲೊಡೆಯುವ ಲೋಹದ ಎಳೆಗಳು ಬೆಳೆದು ಕೊನೆಗೆ ಎರಡು ತಂತಿಗಳನ್ನೂ ಮುಟ್ಟಿಸುತ್ತವೆ. ಕಣ್ಣಿಗೆ ಹನಿಯೇ ಕಾಣದಿದ್ದರೂ ಇದು ನಡೆಯಬಲ್ಲದು. ಜೊತೆಗೆ, ಸಣ್ಣ ಸಂದುಗಳಲ್ಲಿ ನಿಂತ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಇದು ಮತ್ತೆ ಮತ್ತೆ ಆದರೆ ಹೊದಿಕೆಯ ಅಂಟು ಬಿಡುತ್ತದೆ, ಬಿರುಕು ದೊಡ್ಡದಾಗುತ್ತದೆ.

ಆವಿ ತಾನಾಗಿಯೇ ಹುಡುಕಿಕೊಂಡು ಬರುತ್ತದೆ

ಸ್ವಲ್ಪ ಆವಿ ಒಳಗೆ ಹೋಗಿ ಹಿಮವಾದರೆ ಅಲ್ಲಿಗೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಮುಗಿಯುವುದಿಲ್ಲ. 28 ಡಿಗ್ರಿ, ಶೇ. 70 ಆರ್ದ್ರತೆಯ ಕೋಣೆಯಲ್ಲಿ ನೀರಾವಿಯ ಒತ್ತಡ ಸುಮಾರು 26 ಮಿಲಿಬಾರ್. ಮೈನಸ್ 40ರ ಹಿಮದ ಬಳಿ ಅದು ಸುಮಾರು 0.13 ಮಿಲಿಬಾರ್, ಅಂದರೆ ಇನ್ನೂರರಲ್ಲಿ ಒಂದು ಪಾಲು. ಒಟ್ಟು ಗಾಳಿಯ ಒತ್ತಡ ಎರಡೂ ಕಡೆ ಒಂದೇ ಇದ್ದರೂ ನೀರಾವಿ ಮಾತ್ರ ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ ಹರಡುತ್ತಲೇ ಇರುತ್ತದೆ. ಒಳಗೆ ಬಂದದ್ದು ಹಿಮವಾಗುವುದರಿಂದ ಅಲ್ಲಿನ ಒತ್ತಡ ಏರುವುದೇ ಇಲ್ಲ. ತಣ್ಣಗಿನ ಫಲಕ ನೀರಾವಿಯನ್ನು ಎಳೆಯುವ ಪಂಪಿನಂತೆ ವರ್ತಿಸುತ್ತದೆ. ಸೂಜಿಮೊನೆಯಷ್ಟು ಸಂದು ಎರಡು ಗಂಟೆಯ ಪ್ರದರ್ಶನದಲ್ಲಿ ಲೆಕ್ಕಕ್ಕಿಲ್ಲ, ಎರಡು ತಿಂಗಳ ಓಟದಲ್ಲಿ ಅದೇ ದೊಡ್ಡ ಶತ್ರು.

ಆದ್ದರಿಂದ ಹೊದಿಕೆಗೆ ಎರಡು ಗುಣ ಬೇಕು: ಉಷ್ಣವನ್ನು ತಡೆಯಬೇಕು, ಆವಿಯನ್ನೂ ತಡೆಯಬೇಕು. ಹತ್ತಿ, ಸಾಮಾನ್ಯ ಸ್ಪಂಜು ಮೊದಲನೆಯದನ್ನು ಮಾಡುತ್ತವೆ, ಎರಡನೆಯದನ್ನಲ್ಲ. ಅವು ಒದ್ದೆಯಾದ ಮೇಲೆ ಮೊದಲನೆಯದೂ ಹೋಗುತ್ತದೆ. ಏರ್ ಕಂಡಿಷನರ್ ಕೊಳವೆಗಳಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ನೊರೆಯಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿರುವುದಿಲ್ಲ, ಪ್ರತಿಯೊಂದೂ ಮುಚ್ಚಿರುತ್ತದೆ. ಇಲ್ಲಿ ಬೇಕಾದದ್ದು ಅಂಥದು. ಅದರ ಜೋಡಣೆಗಳನ್ನು ಅಂಟಿನಿಂದ ಪೂರ್ತಿ ಮುಚ್ಚಬೇಕು.

ಸಂಸ್ಕಾರಕ ಕೂರುವ ಸಾಕೆಟ್ಟಿನ ರಂಧ್ರಗಳಲ್ಲೂ ಗಾಳಿ ಇರುತ್ತದೆ. ಅಲ್ಲಿ ವಿದ್ಯುತ್ ಹರಿಯಗೊಡದ ಸಿಲಿಕೋನ್ ಗ್ರೀಸ್ ತುಂಬಿದರೆ ಆವಿಗೆ ಜಾಗವಿಲ್ಲ. ಸುತ್ತಲಿನ ಫಲಕಕ್ಕೆ ತೇವ ತಡೆಯುವ ಮೆರುಗು ಬಳಿಯಬಹುದು. ಫಲಕದ ಹಿಂಬದಿಯನ್ನು ಮರೆಯಬೇಡಿ. ತಾಮ್ರದ ಪದರಗಳ ಮೂಲಕ ಚಳಿ ಅಲ್ಲಿಗೂ ತಲುಪುತ್ತದೆ.

ಹೊದಿಕೆ ಎಷ್ಟು ದಪ್ಪ ಇರಬೇಕು?

ಇದನ್ನು ನೀವೇ ಲೆಕ್ಕ ಹಾಕಬಹುದು. ಹೊದಿಕೆಯ ಹೊರಮೈ ಇಬ್ಬನಿ ಬಿಂದುವಿಗಿಂತ ಬೆಚ್ಚಗಿರಬೇಕು, ಇಷ್ಟೇ ನಿಯಮ. ಕೋಣೆಯ ಗಾಳಿಯಿಂದ ಹೊರಮೈಗೆ, ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 8 ವಾಟ್ ಉಷ್ಣ ಬರುತ್ತದೆ ಎಂದು ಹಿಡಿಯೋಣ. ನೊರೆಯ ಉಷ್ಣವಾಹಕತೆ 0.035 ಎಂದಿಟ್ಟುಕೊಳ್ಳೋಣ (ಒಂದು ಮೀಟರ್ ದಪ್ಪದಲ್ಲಿ, ಒಂದು ಡಿಗ್ರಿ ವ್ಯತ್ಯಾಸಕ್ಕೆ, ಪ್ರತಿ ಚದರ ಮೀಟರಿಗೆ 0.035 ವಾಟ್).

28 ಡಿಗ್ರಿ, ಶೇ. 70ರ ಕೋಣೆಯಲ್ಲಿ ಹೊರಮೈ 22 ಡಿಗ್ರಿಗಿಂತ ಇಳಿಯಬಾರದು. ಗಾಳಿಗೂ ಹೊರಮೈಗೂ ವ್ಯತ್ಯಾಸ 6 ಡಿಗ್ರಿ, ಬರುವ ಉಷ್ಣ 48 ವಾಟ್. ನೊರೆಯ ಒಳಮೈ ಮೈನಸ್ 40, ಹೊರಮೈ 22. ವ್ಯತ್ಯಾಸ 62 ಡಿಗ್ರಿ. 0.035ನ್ನು 62ರಿಂದ ಗುಣಿಸಿ 48ರಿಂದ ಭಾಗಿಸಿದರೆ 0.045 ಮೀಟರ್. ಅಂದರೆ ಕನಿಷ್ಠ 45 ಮಿಲಿಮೀಟರ್ ದಪ್ಪ. ಇದೇ ರೀತಿ 25 ಡಿಗ್ರಿ, ಶೇ. 50ರ ಕೋಣೆಗೆ ಸುಮಾರು 21 ಮಿಲಿಮೀಟರ್ ಸಾಕು. ಶೇ. 90ರ ಮಳೆಗಾಲದ ಗಾಳಿಗಾದರೆ ಸುಮಾರು 160 ಮಿಲಿಮೀಟರ್ ಬೇಕು!

ಈ ಮೂರು ಸಂಖ್ಯೆಗಳನ್ನು ಒಟ್ಟಿಗೆ ನೋಡಿ. ಕೋಣೆಯ ಗಾಳಿಯನ್ನು ಒಣಗಿಸುವುದು ನೊರೆಯನ್ನು ದಪ್ಪಗೆ ಮಾಡುವುದಕ್ಕಿಂತ ಎಷ್ಟೋ ಪರಿಣಾಮಕಾರಿ. ಇನ್ನೊಂದು ವಿಷಯ: ಗಾಳಿ ಆಡದ ಮೂಲೆಯಲ್ಲಿ 8 ವಾಟ್‌ನ ಬದಲು 4 ವಾಟ್ ಮಾತ್ರ ಬಂದರೆ ಬೇಕಾದ ದಪ್ಪ ಇಮ್ಮಡಿಯಾಗುತ್ತದೆ. ಹೊದಿಕೆಯ ಸುತ್ತ ಗಾಳಿಯಾಡಲು ಒಂದು ಸಣ್ಣ ಫ್ಯಾನ್ ಇಟ್ಟರೆ ಲಾಭವಿದೆ.

ದಪ್ಪ ನೊರೆಗೆ ಜಾಗವಿಲ್ಲದ ಕಡೆ ಬಿಸಿಯ ಸಹಾಯ ಪಡೆಯಬೇಕು. ತೆಳುವಾದ ವಿದ್ಯುತ್ ಹೀಟರ್ ಹಾಳೆಯನ್ನು ಸಾಕೆಟ್ಟಿನ ಸುತ್ತ ಮತ್ತು ಫಲಕದ ಹಿಂಬದಿಯ ನೊರೆಯ ಹೊರಗೆ ಅಂಟಿಸಿ, ಅಲ್ಲಿನ ತಾಪವನ್ನು ಇಬ್ಬನಿ ಬಿಂದುವಿಗಿಂತ ಕೆಲವು ಡಿಗ್ರಿ ಮೇಲೆ ಇಡುತ್ತಾರೆ. ತಂಪು ಮಾಡುತ್ತಲೇ ಪಕ್ಕದಲ್ಲಿ ಬಿಸಿ ಮಾಡುವುದು ವಿಚಿತ್ರವೆನಿಸಬಹುದು. ಆದರೆ ಇದಕ್ಕೆ ಬೇಕಾದದ್ದು ಕೆಲವೇ ವಾಟ್.

ಒಣ ಪೆಟ್ಟಿಗೆ

ಇನ್ನೂ ಒಳ್ಳೆಯ ಉಪಾಯವೆಂದರೆ ಇಡೀ ಫಲಕವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಒಳಗಿನ ಗಾಳಿಯನ್ನೇ ಒಣಗಿಸುವುದು. 50 ಲೀಟರಿನ ಪೆಟ್ಟಿಗೆಯಲ್ಲಿ, 28 ಡಿಗ್ರಿ ಮತ್ತು ಶೇ. 70ರ ಗಾಳಿಯಲ್ಲಿ, ಇರುವ ನೀರು ಒಂದು ಗ್ರಾಮಿಗಿಂತ ಸ್ವಲ್ಪ ಕಡಿಮೆ. ಹಿಡಿ ಸಿಲಿಕಾ ಜೆಲ್ ಅದನ್ನು ಸುಲಭವಾಗಿ ಹೀರುತ್ತದೆ. ಆದರೆ ಪೆಟ್ಟಿಗೆಯ ಸಂದುಗಳಿಂದ ನಿಮಿಷಕ್ಕೆ ಒಂದೇ ಒಂದು ಲೀಟರ್ ಹೊರಗಾಳಿ ನುಸುಳಿದರೂ ದಿನಕ್ಕೆ ಸುಮಾರು 27 ಗ್ರಾಮ್, ತಿಂಗಳಿಗೆ 800 ಗ್ರಾಮಿಗೂ ಹೆಚ್ಚು ನೀರು ಒಳಬರುತ್ತದೆ. ಮೊದಲೇ ಒಳಗಿದ್ದ ನೀರಲ್ಲ, ಸೋರಿಕೆಯೇ ಮುಖ್ಯ ಎಂಬುದು ಇದರಿಂದ ಸ್ಪಷ್ಟ.

ಹಾಗಾಗಿ ತಂತಿ ಮತ್ತು ಕೊಳವೆ ಹೊರಬರುವ ಎಡೆಗಳನ್ನು ರಬ್ಬರ್ ಬಿರಡೆ ಹಾಕಿ ಮುಚ್ಚಬೇಕು. ಒಣಗಾಳಿಯನ್ನು ಸಣ್ಣ ಪ್ರಮಾಣದಲ್ಲಿ ಒಳಗೆ ಬಿಡುತ್ತ, ಒಳಗಿನ ಒತ್ತಡವನ್ನು ಹೊರಗಿಗಿಂತ ತುಸು ಹೆಚ್ಚು ಇಟ್ಟರೆ ಸೋರಿಕೆ ಒಳಮುಖವಾಗದೆ ಹೊರಮುಖವಾಗುತ್ತದೆ. ಗಾಳಿಯ ಬದಲು ಒಣ ಸಾರಜನಕವನ್ನೂ ಬಳಸುವುದುಂಟು. ಆಗ ಎಚ್ಚರ ಅಗತ್ಯ. ಸಾರಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮುಚ್ಚಿದ ಕೋಣೆಯಲ್ಲಿ ಅದು ತುಂಬಿದರೆ ಆಮ್ಲಜನಕ ಕಡಿಮೆಯಾಗಿ ಮನುಷ್ಯ ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪುತ್ತಾನೆ. ಕಿಟಕಿ ತೆರೆದಿರಲಿ.

ಸಿಲಿಕಾ ಜೆಲ್ ತುಂಬಿದ ಮೇಲೆ ಸುಮಾರು 120 ಡಿಗ್ರಿಯಲ್ಲಿ ಕಾಯಿಸಿ ಮತ್ತೆ ಬಳಸಬಹುದು. ನೀಲಿ ಹರಳು ಗುಲಾಬಿಯಾದರೆ ಕಾಯಿಸುವ ಸಮಯ ಬಂದಿದೆ ಎಂದರ್ಥ. ಆ ನೀಲಿಗೆ ಕಾರಣವಾದ ಕೋಬಾಲ್ಟ್ ಕ್ಲೋರೈಡ್ ವಿಷಕಾರಿ, ಆದ್ದರಿಂದ ಅಡಿಗೆಯ ಒಲೆ, ಪಾತ್ರೆಗಳಲ್ಲಿ ಕಾಯಿಸಬಾರದು.

ಇದರ ಕೊನೆಯ ಹಂತ ಗಾಳಿಯನ್ನೇ ತೆಗೆದುಹಾಕುವುದು. ಅತಿವಾಹಕ ಕ್ವಾಂಟಮ್ ಕಂಪ್ಯೂಟರುಗಳ ಚಿಪ್ಪು ನಿರಪೇಕ್ಷ ಶೂನ್ಯದ ಸಮೀಪದಲ್ಲಿ, ನಿರ್ವಾತದೊಳಗೆ ಇರುತ್ತದೆ. ಅಲ್ಲಿ ಆವಿಯೂ ಇಲ್ಲ, ಇಬ್ಬನಿಯೂ ಇಲ್ಲ.

ಅಪಾಯದ ಗಳಿಗೆ ಯಾವುದು?

ಯಂತ್ರ ಓಡುತ್ತಿರುವಾಗಲೇ ಹೆಚ್ಚು ಅಪಾಯ ಎಂದು ನೀವು ಭಾವಿಸಿರಬಹುದು. ವಾಸ್ತವವಾಗಿ ಅಪಾಯ ಹೆಚ್ಚು ಇರುವುದು ಅದು ನಿಂತಾಗ. ಓಡುವಾಗ ನುಸುಳಿದ ಆವಿ ಹಿಮವಾಗಿ ಗಟ್ಟಿಯಾಗಿ ಕುಳಿತಿರುತ್ತದೆ, ಹಿಮ ಹರಿಯುವುದಿಲ್ಲ. ರಾತ್ರಿ ಕರೆಂಟ್ ಹೋಯಿತು ಎನ್ನಿ. ಸಂಪೀಡಕ ನಿಲ್ಲುತ್ತದೆ, ಫಲಕ ಬೆಚ್ಚಗಾಗುತ್ತದೆ, ವಾರಗಟ್ಟಲೆ ಕೂಡಿದ ಹಿಮ ಒಂದೇ ಗಂಟೆಯಲ್ಲಿ ಕರಗಿ ಸಾಕೆಟ್ಟಿನೊಳಗೆ ಇಳಿಯುತ್ತದೆ. ಕರೆಂಟ್ ಬಂದೊಡನೆ ಕಂಪ್ಯೂಟರ್ ತಾನಾಗಿ ಶುರುವಾದರೆ ಒದ್ದೆ ಮಂಡಲಕ್ಕೆ ಪೂರ್ಣ ವಿದ್ಯುತ್ ಹರಿಯುತ್ತದೆ. ತಿಂಗಳುಗಟ್ಟಲೆ ಸರಿಯಾಗಿದ್ದ ಯಂತ್ರ ಅಂದು ಸುಡುತ್ತದೆ.

ಆದ್ದರಿಂದ, ಮೊದಲನೆಯದಾಗಿ, ಕರೆಂಟ್ ಬಂದಾಗ ತಾನಾಗಿ ಶುರುವಾಗುವ ವ್ಯವಸ್ಥೆಯನ್ನು ತೆಗೆದುಹಾಕಿ. ಎರಡನೆಯದಾಗಿ, ಯಂತ್ರ ನಿಂತರೆ ಪ್ಲಗ್ಗನ್ನು ಗೋಡೆಯಿಂದ ಕೀಳಿ. ಗುಂಡಿ ಒತ್ತಿ ನಿಲ್ಲಿಸಿದ ಮೇಲೂ ಫಲಕದಲ್ಲಿ 5 ವೋಲ್ಟ್ ಉಳಿದಿರುತ್ತದೆ. ಬಹುಕಾಲ ನಿಲ್ಲಿಸುವುದಾದರೆ ಗಡಿಯಾರದ 3 ವೋಲ್ಟ್ ಬ್ಯಾಟರಿಯನ್ನೂ ತೆಗೆಯಿರಿ. ಮೂರನೆಯದಾಗಿ, ಎಲ್ಲ ಭಾಗಗಳೂ ಕೋಣೆಯ ತಾಪಕ್ಕೆ ಬರುವ ತನಕ ಕಾಯಿರಿ. ಆಮೇಲೆ ಹೊದಿಕೆ ಬಿಚ್ಚಿ, ಒಣಗಿಸಿ, ಸಾಕೆಟ್ಟನ್ನು ಟಾರ್ಚ್ ಹಿಡಿದು ನೋಡಿ. ಹಸಿರು ಅಥವಾ ಬಿಳಿ ಕಲೆ ಕಂಡರೆ ತೇವ ಒಳಗೆ ಬಂದಿತ್ತು ಎಂದು ತಿಳಿಯಿರಿ. ಎಲ್ಲಿಂದ ಬಂತು ಎಂದು ಹುಡುಕದೆ ಮತ್ತೆ ಮುಚ್ಚಬೇಡಿ.

ಓಡುವ ದಿನಗಳಲ್ಲಿ ನೋಡಬೇಕಾದದ್ದು ಎರಡು ಅಳತೆಗಳು: ಹೊದಿಕೆಯ ಅತಿ ತಣ್ಣಗಿನ ಹೊರಮೈಯ ತಾಪ ಮತ್ತು ಅಲ್ಲಿನ ಗಾಳಿಯ ಇಬ್ಬನಿ ಬಿಂದು. ಇವೆರಡರ ನಡುವೆ ಮೂರು ಡಿಗ್ರಿಯಾದರೂ ಅಂತರವಿರಲಿ. ಅಂತರ ಕಡಿಮೆಯಾದರೆ ತಂಪನ್ನು ಸ್ವಲ್ಪ ಇಳಿಸಿ. ವೇಗ ತುಸು ಕಡಿಮೆಯಾದೀತು, ಆದರೆ ಯಂತ್ರ ಉಳಿಯುತ್ತದೆ.

ಮುಂದಿನ ಸಲ ಬಾಟಲಿಯ ಮೇಲೆ ಹನಿ ಮೂಡಿದಾಗ ಕೋಣೆಯ ತಾಪವನ್ನೂ ಆರ್ದ್ರತೆಯನ್ನೂ ಗುರುತು ಹಾಕಿಕೊಂಡು ಇಬ್ಬನಿ ಬಿಂದುವನ್ನು ಅಂದಾಜು ಮಾಡಿ ನೋಡಿ. ಈ ಲೇಖನದ ಅರ್ಧ ಪಾಠ ಆ ಬಾಟಲಿಯಲ್ಲೇ ಇದೆ.